ಮಳೆ ಹಿಡಿಯುವ ಮುಂಚೆಯೇ: ಶೀತ, ಫ್ಲೂ ಎದುರಿಸಲು ಮಲೆನಾಡಿನ ಮನೆಗೊಂದು ಮಾರ್ಗದರ್ಶಿ

ಮೃಗಶಿರ ಮಳೆ ಮುಗಿದು ಆರಿದ್ರಾ ಹಿಡಿಯುವ ಹೊತ್ತಿಗೆ ಶಾಲೆಗಳು ಶುರುವಾಗಿರುತ್ತವೆ, ಗದ್ದೆಯಲ್ಲಿ ಸಸಿಮಡಿ ಎದ್ದಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗೊಬ್ಬರಾದರೂ ಮೂಗು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ‘ಇಮ್ಯೂನಿಟಿ ಬೂಸ್ಟರ್’ ಎಂದು ಬರೆದ ಡಬ್ಬಿಗಳು ಔಷಧಿ ಅಂಗಡಿಯ ಮುಂಗಟ್ಟಿಗೆ ಬರುವುದೂ ಆಗಲೇ. ಕೊಳ್ಳುವವರ ಆತಂಕ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಸಣ್ಣ ಮಗುವೋ ವಯಸ್ಸಾದ ಅಜ್ಜಿಯೋ ಇದ್ದರೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಆದರೆ ರೋಗನಿರೋಧಕ ಶಕ್ತಿ ಮೂರು ದಿನ ಚೂರ್ಣ ನೆಕ್ಕಿದರೆ ಏರುವಂಥದ್ದಲ್ಲ. ಅದಕ್ಕೆ ಬೇಕಾದದ್ದು ನಿದ್ದೆ, ಬಿಸಿ ಊಟ, ಒಣಗಿದ ಬಟ್ಟೆ, ಹೊಗೆಯಿಲ್ಲದ ಕೋಣೆ, ತೊಳೆದ ಕೈ. ಇದರಲ್ಲಿ ಮುಕ್ಕಾಲು ಪಾಲು ಮಲೆನಾಡಿನ ಮನೆಗಳಿಗೆ ಮೊದಲಿಂದ ಗೊತ್ತಿದ್ದದ್ದೇ. ಅದನ್ನು ಯಾವಾಗ, ಯಾವ ಕ್ರಮದಲ್ಲಿ, ಎಷ್ಟರಮಟ್ಟಿಗೆ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಎದುರಾಳಿ ಯಾರೆಂದು ತಿಳಿಯಿರಿ

ಶೀತ ಮತ್ತು ಫ್ಲೂ ಒಂದೇ ಅಲ್ಲ. ಸಾಮಾನ್ಯ ಶೀತಕ್ಕೆ ಹೆಚ್ಚಾಗಿ ಕಾರಣ ರೈನೋವೈರಸ್. ಅದರಲ್ಲಿ 160ಕ್ಕೂ ಹೆಚ್ಚು ಬಗೆಗಳಿವೆ. ಒಮ್ಮೆ ಬಂದು ಹೋದ ಶೀತ ತಿಂಗಳೊಳಗೆ ಮತ್ತೆ ಬಂತೆಂದರೆ ಅದು ಬಹುತೇಕ ಇನ್ನೊಂದು ಬಗೆಯದು. ನಿಮ್ಮ ಶಕ್ತಿ ಕುಂದಿದೆ ಎಂದೇ ಅರ್ಥವಲ್ಲ. ಶಾಲೆಗೆ ಹೋಗುವ ಮಕ್ಕಳಿಗೆ ವರ್ಷಕ್ಕೆ ಹಲವು ಸಲ ಶೀತ ಆಗುವುದು ಸಹಜ. ಶೀತ ನಿಧಾನವಾಗಿ ಶುರುವಾಗುತ್ತದೆ: ಗಂಟಲು ಕೆರೆತ, ಸೀನು, ಮೂಗು ಸೋರುವುದು. ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಎಳೆಯಬಹುದು.

ಫ್ಲೂ ಇನ್‌ಫ್ಲುಯೆಂಜಾ ವೈರಸ್ಸಿನಿಂದ ಬರುವುದು. ಅದು ಒಮ್ಮೆಲೇ ಎರಗುತ್ತದೆ. ಬೆಳಿಗ್ಗೆ ತೋಟಕ್ಕೆ ಹೋದವರು ಸಂಜೆಗೆ ಜ್ವರ, ಚಳಿ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದಿರುತ್ತಾರೆ. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಒಂದು ಮಳೆಗಾಲದ ನಡುವೆ, ಇನ್ನೊಂದು ಜನವರಿಯಿಂದ ಮಾರ್ಚ್‌ವರೆಗೆ. ಮಲೆನಾಡಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ನಾಟಿಯ ಕಾಲಕ್ಕೆ, ಇನ್ನೊಂದು ಅಡಿಕೆ ಸುಲಿತ ಮುಗಿದು ಮದುವೆ, ಜಾತ್ರೆಗಳು ಶುರುವಾಗುವ ಕಾಲಕ್ಕೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಸೀನು, ಕಫ, ಜ್ವರ ಇವು ದೇಹದ ರಕ್ಷಣೆ ಕೆಲಸ ಮಾಡುತ್ತಿರುವ ಗುರುತುಗಳು. ರೋಗನಿರೋಧಕ ಶಕ್ತಿಯನ್ನು ಮಿತಿಯಿಲ್ಲದೆ ಏರಿಸುವುದು ಯಾರಿಗೂ ಬೇಕಾದದ್ದಲ್ಲ. ಅದು ಅತಿಯಾದರೆ ಅಲರ್ಜಿ, ಉಬ್ಬಸ, ತನ್ನ ದೇಹವನ್ನೇ ತಾನು ಘಾಸಿಗೊಳಿಸುವ ಕಾಯಿಲೆಗಳು. ನಮಗೆ ಬೇಕಾದದ್ದು ಅದು ಹದದಲ್ಲಿರುವುದು, ಸಮಯಕ್ಕೆ ಏಳುವುದು, ಕೆಲಸ ಮುಗಿದ ಮೇಲೆ ತಣ್ಣಗಾಗುವುದು.

ಏಪ್ರಿಲ್–ಮೇ: ಮನೆ ಒಣಗಿಸುವ ಕೆಲಸ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಸುತ್ತಲಿನ ಊರುಗಳಲ್ಲಿ ಅಷ್ಟಿಲ್ಲದಿದ್ದರೂ ಜುಲೈನಲ್ಲಿ ಗೋಡೆ ಬೆವರುವುದು, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಚಪ್ಪಲಿಗೂ ಬೂಷ್ಟು ಹಿಡಿಯುವುದು ಎಲ್ಲ ಕಡೆಯೂ ಇದ್ದದ್ದೇ. ಬೂಷ್ಟಿನ ಪುಡಿ ಉಸಿರಿನೊಳಗೆ ಹೋದರೆ ಮೂಗಿನ ಒಳಪೊರೆ ಕೆರಳುತ್ತದೆ. ತಿಂಗಳಾನುಗಟ್ಟಲೆ ಜ್ವರವೇ ಇಲ್ಲದೆ ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನುವವರಿಗೆ ಇರುವುದು ಎಷ್ಟೋ ಸಲ ಶೀತವಲ್ಲ, ಈ ಅಲರ್ಜಿ. ಅವರು ಎಷ್ಟು ಕಷಾಯ ಕುಡಿದರೂ ಹಾಸಿಗೆ ಬದಲಾಗದೆ ಕಡಿಮೆಯಾಗುವುದಿಲ್ಲ.

ಹಾಗಾಗಿ ಬಿಸಿಲಿರುವಾಗಲೇ ಹಾಸಿಗೆ, ದಿಂಬು, ಕಂಬಳಿ, ರಗ್ಗು ಎಲ್ಲವನ್ನೂ ಅಂಗಳಕ್ಕೆ ಹಾಕಿ. ಎರಡು ಮೂರು ಬಿಸಿಲು ಚೆನ್ನಾಗಿ ತಾಗಲಿ, ನಡುವೆ ಮಗುಚಿ ಹಾಕಿ. ಕೋಲಿನಿಂದ ಬಡಿದು ದೂಳು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಒಡೆದ ಹೆಂಚು ಬದಲಿಸಿ. ಮಲಗುವ ಕೋಣೆಯ ಗೋಡೆಗೆ ಒತ್ತಿ ಇಟ್ಟ ಮಂಚ, ಬೀರುಗಳನ್ನು ಒಂದು ಗೇಣು ಈಚೆ ಸರಿಸಿದರೆ ಹಿಂದೆ ಗಾಳಿಯಾಡುತ್ತದೆ. ಮಳೆಗಾಲದಲ್ಲೂ ಮಳೆ ಹೊಳವಾದ ದಿನ ಎದುರುಬದುರಿನ ಕಿಟಕಿಗಳನ್ನು ಅರ್ಧ ಗಂಟೆಯಾದರೂ ತೆಗೆದಿಡಿ. ಚಳಿಯೆಂದು ಎಲ್ಲ ಮುಚ್ಚಿ ಒಂದೇ ಕೋಣೆಯಲ್ಲಿ ಹತ್ತು ಜನ ಕೂತಾಗಲೇ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ದಾಟುವುದು.

ಹೊಗೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಸಿರಿನ ದಾರಿಯುದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ದೂಳು, ವೈರಸ್ ಸಿಕ್ಕಿಕೊಂಡ ಲೋಳೆಯನ್ನು ಅವು ಮೇಲಕ್ಕೆ ದೂಡುತ್ತಲೇ ಇರುತ್ತವೆ. ಸೌದೆ ಹೊಗೆಯೂ ಬೀಡಿ ಹೊಗೆಯೂ ಆ ರೋಮಗಳನ್ನು ನಿಸ್ತೇಜ ಮಾಡುತ್ತವೆ. ಅಡುಗೆಗೆ ಗ್ಯಾಸ್ ಬಂದ ಮೇಲೂ ನಮ್ಮ ಕಡೆ ಬಚ್ಚಲ ಒಲೆ ಆರಿಲ್ಲ. ಅದರಲ್ಲೂ ಮಳೆಗಾಲದಲ್ಲಿ ಹಸಿ ಸೌದೆ, ಒದ್ದೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆ ಹಾಕಿ ಊದುವಾಗ ಏಳುವ ಹೊಗೆ ಮನೆಯೆಲ್ಲ ತುಂಬುತ್ತದೆ. ಮೇ ತಿಂಗಳಲ್ಲೇ ಸೌದೆ ಒಣಗಿಸಿ ಕೊಟ್ಟಿಗೆ ಅಟ್ಟಕ್ಕೆ ಹಾಕುವ ಹಳೆ ಪದ್ಧತಿ ಬಿಡಬೇಡಿ. ಹೊಗೆ ಕೊಳವೆಯ ಮಸಿ ತೆಗೆಸಿ. ಹೊಸದಾಗಿ ಒಲೆ ಹಾಕಿಸುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ಮಾದರಿ ನೋಡಬಹುದು. ಅದರಲ್ಲಿ ಸೌದೆಯೂ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಬಚ್ಚಲಿನ ಒಲೆಯ ಮೇಲೆ ಬಟ್ಟೆ ಒಣಗಿಸುವುದು ನಮ್ಮಲ್ಲಿ ಅನಿವಾರ್ಯ, ಸರಿಯೇ. ಆದರೆ ಹೊಗೆ ಕುಡಿದ ಕುಲಾವಿಯನ್ನೋ ದುಪ್ಪಟಿಯನ್ನೋ ಕೂಸಿನ ಮೂಗಿನ ಹತ್ತಿರ ತರಬೇಡಿ. ಮಗುವಿನ ಬಟ್ಟೆಗೆ ಇಸ್ತ್ರಿ ಹಾಕಿ ತೇವ ತೆಗೆಯುವುದು ವಾಸಿ.

ಲಸಿಕೆ

ಸಹಜವಾಗಿ ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುವ ಲೇಖನದಲ್ಲಿ ಲಸಿಕೆ ಯಾಕೆ ಎಂದು ಕೇಳಬಹುದು. ಲಸಿಕೆ ದೇಹದ ಹೊರಗಿನಿಂದ ಬಂದು ಹೋರಾಡುವುದಿಲ್ಲ. ನಮ್ಮದೇ ರಕ್ತದ ಕಣಗಳಿಗೆ ಶತ್ರುವಿನ ಗುರುತು ಹಿಡಿಸುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಇದಕ್ಕಿಂತ ಸಹಜವಾದ ಉಪಾಯ ಇನ್ನೊಂದಿಲ್ಲ. ಫ್ಲೂ ವೈರಸ್ ವರ್ಷ ವರ್ಷ ವೇಷ ಬದಲಿಸುವುದರಿಂದ ಲಸಿಕೆಯನ್ನೂ ವರ್ಷಕ್ಕೊಮ್ಮೆ ಹಾಕಿಸಬೇಕು. ಪರಿಣಾಮ ಬರಲು ಸುಮಾರು ಎರಡು ವಾರ ಬೇಕು, ಆದ್ದರಿಂದ ಮೇ ತಿಂಗಳೊಳಗೆ ಮುಗಿಸಿದರೆ ಮಳೆಗಾಲಕ್ಕೆ ಸರಿಯಾಗುತ್ತದೆ. 65 ದಾಟಿದವರು, ಗರ್ಭಿಣಿಯರು, 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳು, ಸಕ್ಕರೆ ಕಾಯಿಲೆ, ಹೃದಯ, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು ಮೊದಲು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. 9 ವರ್ಷದೊಳಗಿನ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಈ ಲಸಿಕೆ ಶೀತವನ್ನು ತಡೆಯುವುದಿಲ್ಲ. ಹಾಕಿಸಿಕೊಂಡ ಮೇಲೂ ಮೂಗು ಸೋರಿತೆಂದು ದೂರಬೇಡಿ.

ನಿದ್ದೆ: ಖರ್ಚಿಲ್ಲದ, ಎಲ್ಲರೂ ಕಡೆಗಣಿಸುವ ಹೆಜ್ಜೆ

2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನ್ನಿಸಿದ್ದು. 164 ಆರೋಗ್ಯವಂತರ ನಿದ್ದೆಯನ್ನು ಕೈಗೆ ಕಟ್ಟಿದ ಉಪಕರಣದಿಂದ ಒಂದು ವಾರ ಅಳೆದರು. ಆಮೇಲೆ ಎಲ್ಲರ ಮೂಗಿಗೂ ಶೀತದ ವೈರಸ್ ಇರುವ ಹನಿ ಹಾಕಿದರು. ರಾತ್ರಿ 7 ಗಂಟೆಗಿಂತ ಹೆಚ್ಚು ಮಲಗಿದವರಿಗಿಂತ 6 ಗಂಟೆಗಿಂತ ಕಡಿಮೆ ಮಲಗಿದವರಿಗೆ ಶೀತ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಯಾವ ಚೂರ್ಣಕ್ಕೂ, ಯಾವ ಮಾತ್ರೆಗೂ ಇಷ್ಟು ದೊಡ್ಡ ವ್ಯತ್ಯಾಸ ಕಂಡದ್ದನ್ನು ನಾನು ಓದಿಲ್ಲ.

ಮಲೆನಾಡಿನಲ್ಲಿ ನಿದ್ದೆ ಕೆಡುವ ಕಾಲಗಳು ಎಲ್ಲರಿಗೂ ಗೊತ್ತು. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವುದು, ಬೆಳಗಿನ ಜಾವ ಎದ್ದು ಬೇಯಿಸಲು ಒಲೆ ಹಚ್ಚುವುದು. ಹೆಂಗಸರಿಗೆ ಅದರ ಮೇಲೆ ಬಂದ ಆಳುಗಳಿಗೆ ತಿಂಡಿ. ಆಮೇಲೆ ಬಯಲಾಟ, ಜಾತ್ರೆ, ಮದುವೆ. ಮನೆಯಲ್ಲಿ ಯಾರು ಮೊದಲು ಮಲಗಬೇಕು ಎಂದು ಸರದಿ ಹಾಕಿಕೊಳ್ಳಿ. ಎರಡು ರಾತ್ರಿ ನಿದ್ದೆಗೆಟ್ಟವರಿಗೆ ಮೂರನೆಯ ರಾತ್ರಿ ಬಿಡುವು ಕೊಡಿ. ಶಾಲೆಯ ಮಕ್ಕಳಿಗೆ 9 ಗಂಟೆಯ ನಿದ್ದೆ ಬೇಕು. ಅವರ ಕೈಯಲ್ಲಿರುವ ಮೊಬೈಲನ್ನು ಊಟದ ಮೊದಲೇ ತೆಗೆದಿಡಿ. ಮಲಗುವಾಗ ಕಾಲು ಬೆಚ್ಚಗಿದ್ದರೆ ನಿದ್ದೆ ಬೇಗ ಹತ್ತುತ್ತದೆ. ಬಿಸಿನೀರಲ್ಲಿ ಕಾಲು ತೊಳೆದು, ಒರೆಸಿ, ಕಂಬಳಿ ಹೊದೆಯಿರಿ.

ನೆನೆದು ಬಂದಾಗ

ಮಳೆಯಲ್ಲಿ ನೆನೆದರೆ ಶೀತ ಬರುತ್ತದೆಯೋ ಇಲ್ಲವೋ ಎಂಬ ವಾದ ಪ್ರತಿ ವರ್ಷ ನಡೆಯುತ್ತದೆ. ವೈರಸ್ ಇಲ್ಲದೆ ಬರೀ ಮಳೆನೀರಿಗೆ ಶೀತ ಹುಟ್ಟಿಸಲು ಬರುವುದಿಲ್ಲ. ಆದರೆ ಅಮ್ಮಂದಿರು ಬೈಯುವುದು ಸುಳ್ಳೂ ಅಲ್ಲ. ರೈನೋವೈರಸ್ ದೇಹದ ಒಳಗಿನ 37 ಡಿಗ್ರಿಗಿಂತ ತಣ್ಣಗಿನ ಮೂಗಿನ 33 ಡಿಗ್ರಿಯಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ. ತಣಿದ ಮೂಗಿನಲ್ಲಿ ದೇಹದ ಮೊದಲ ಪ್ರತಿರೋಧವೂ ಮಂದವಾಗುತ್ತದೆ. ಆದ್ದರಿಂದ ನಾಟಿ ಗದ್ದೆಯಿಂದ ಬಂದವರು ಕಂಬಳಿ ಕೊಪ್ಪೆ ತೆಗೆದ ಕೂಡಲೇ ಚಹಾಕ್ಕೆ ಕೂರಬೇಡಿ. ಮೊದಲು ಬಿಸಿನೀರ ಸ್ನಾನ, ತಲೆ ಒರೆಸುವುದು, ಒಣಬಟ್ಟೆ. ಚಹಾ ಆಮೇಲೆ. ಶಾಲೆಗೆ ನಡೆದು ಹೋಗುವ ಮಕ್ಕಳ ಚೀಲದಲ್ಲಿ ಒಂದು ಜೊತೆ ಒಣ ಸಾಕ್ಸ್, ಒಂದು ಟವೆಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಿ.

ಊಟ

ರೋಗನಿರೋಧಕ ಕಣಗಳೆಲ್ಲ ಆಗುವುದು ನಾವು ಉಣ್ಣುವ ಅನ್ನದಿಂದ, ಬೇಳೆಯಿಂದ, ಸೊಪ್ಪಿನಿಂದ. ಮಳೆಗಾಲದಲ್ಲಿ ತರಕಾರಿ ಕಡಿಮೆ, ಸಂತೆಗೆ ಹೋಗುವುದು ಕಷ್ಟ. ಅನ್ನ, ಹಪ್ಪಳ, ಉಪ್ಪಿನಕಾಯಿಯಲ್ಲಿ ದಿನ ದೂಡುವುದು ಸುಲಭ. ಇದು ಸಾಲದು. ದಿನಕ್ಕೆರಡು ಹೊತ್ತು ಪ್ರೋಟೀನ್ ಇರುವ ಏನಾದರೂ ತಟ್ಟೆಗೆ ಬೀಳಲೇಬೇಕು. ಹುರುಳಿ ಸಾರು, ಹೆಸರುಕಾಳಿನ ಪಲ್ಯ, ಮೊಸರು, ಮೊಟ್ಟೆ. ಮಾಂಸ ತಿನ್ನುವ ಮನೆಗಳಲ್ಲಿ ಶೀತವಾದವರಿಗೆ ಮೆಣಸು ಅರೆದು ಹಾಕಿದ ಏಡಿ ಸಾರು, ನಾಟಿ ಕೋಳಿ ಸಾರು ಕೊಡುವ ರೂಢಿ ಇದೆ. ಬಿಸಿ ಹಬೆಗೆ ಮೂಗು ಬಿಡುತ್ತದೆ, ಹೊಟ್ಟೆಗೆ ಪ್ರೋಟೀನೂ ಉಪ್ಪೂ ನೀರೂ ಒಟ್ಟಿಗೆ ಸೇರುತ್ತವೆ. ಮುಂದುವರಿಸಬೇಕಾದ ರೂಢಿ ಅದು.

ವಿಟಮಿನ್ ಸಿ ಬಗ್ಗೆ ದೊಡ್ಡ ನಂಬಿಕೆ ಇದೆ. ಹತ್ತಾರು ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2013ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ದಿನವೂ ಈ ಮಾತ್ರೆ ನುಂಗಿದ ಸಾಮಾನ್ಯ ಜನರಿಗೆ ಶೀತ ಬರುವುದೇನೂ ತಪ್ಪಲಿಲ್ಲ. ಬಂದ ಶೀತದ ಅವಧಿ ಮಾತ್ರ ವಯಸ್ಕರಲ್ಲಿ ಶೇ 8, ಮಕ್ಕಳಲ್ಲಿ ಶೇ 14ರಷ್ಟು ಕಡಿಮೆಯಾಯಿತು. ಶೀತ ಶುರುವಾದ ಮೇಲೆ ತೆಗೆದುಕೊಂಡವರಿಗೆ ಖಚಿತ ಲಾಭ ಕಾಣಲಿಲ್ಲ. ಹಾಗಾದರೆ ಮಾತ್ರೆಗೆ ದುಡ್ಡು ಹಾಕುವುದಕ್ಕಿಂತ ಹಿತ್ತಲು ನೋಡುವುದು ಮೇಲು. ಒಂದೆರಡು ನೆಲ್ಲಿಕಾಯಿ, ಇಲ್ಲವೇ ಒಂದು ಪೇರಲೆ ಹಣ್ಣು ತಿಂದರೆ ವಯಸ್ಕರೊಬ್ಬರ ದಿನದ ಅಗತ್ಯ ಮುಗಿಯಿತು. ನುಗ್ಗೆ ಸೊಪ್ಪು, ಬಸಳೆ, ನಿಂಬೆ, ಕಂಚಿಕಾಯಿ ಇವೆಲ್ಲದರಲ್ಲೂ ಅದು ಇದೆ. ನಿಂಬೆಹಣ್ಣನ್ನು ಒಲೆ ಮೇಲಿರುವಾಗ ಹಿಂಡಬೇಡಿ, ಸಾರು ಇಳಿಸಿದ ಮೇಲೆ ಹಿಂಡಿ. ಬೆಟ್ಟದ ನೆಲ್ಲಿ ಸಿಗುವ ಚಳಿಗಾಲದಲ್ಲೇ ಮಳೆಗಾಲಕ್ಕೆ ಉಪ್ಪುನೀರಿನಲ್ಲಿ ಹಾಕಿಡುವುದು, ಚಟ್ಟು ಮಾಡಿ ಒಣಗಿಸಿಡುವುದು ನಮ್ಮವರ ಲೆಕ್ಕಾಚಾರ. ಒಣಗಿದಾಗ ವಿಟಮಿನ್ ಸ್ವಲ್ಪ ನಷ್ಟವಾಗುತ್ತದೆ, ಆದರೂ ಹಸಿ ಹಣ್ಣು ಸಿಗದ ಆಷಾಢದಲ್ಲಿ ನೆಲ್ಲಿಚಟ್ಟಿನ ತಂಬುಳಿ ನಾಲಿಗೆಗೆ ರುಚಿ ತರುತ್ತದೆ. ರುಚಿ ಬಂದರೆ ಊಟ ಹೋಗುತ್ತದೆ.

ತಂಬುಳಿಯೆಂದರೆ ದೊಡ್ಡಪತ್ರೆಯದ್ದನ್ನು ಬಿಡುವಂತಿಲ್ಲ. ಕಲ್ಲುಕಟ್ಟೆಯ ಸಂದಿಯಲ್ಲೂ ಬೆಳೆಯುವ ಗಿಡ. ಹತ್ತು ಹನ್ನೆರಡು ಎಲೆ ತೊಳೆದು ನೀರು ಒರೆಸಿ. ಬಾಣಲೆಯಲ್ಲಿ ಒಂದು ಚಮಚ ತುಪ್ಪ ಕಾಯಿಸಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹಾಕಿ. ಜೀರಿಗೆ ಚಟಪಟ ಎಂದ ಮೇಲೆ ಎಲೆ ಹಾಕಿ ಬಾಡಿಸಿ. ದಪ್ಪ ಎಲೆ ನೀರು ಬಿಟ್ಟು, ಕುಗ್ಗಿ, ಹಸಿರು ಬಣ್ಣ ಮಂಕಾಗುವಷ್ಟು ಹೊತ್ತು ಬಾಡಬೇಕು. ಇಲ್ಲವಾದರೆ ಗಂಟಲಲ್ಲಿ ಕಾರವಾಗಿ ನಿಲ್ಲುತ್ತದೆ. ಆರಿದ ಮೇಲೆ ಎರಡು ಮೂರು ಚಮಚ ತೆಂಗಿನತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಡಿ. ಬಿಸಿ ಅನ್ನದ ಮೊದಲ ತುತ್ತಿಗೆ ಇದು. ಶೀತವಾದಾಗ ಮಜ್ಜಿಗೆ ಬೇಡವೆನ್ನುವವರಿದ್ದಾರೆ. ಮೊಸರು ಮಜ್ಜಿಗೆಯಿಂದ ಶೀತ ಜಾಸ್ತಿಯಾಗುವುದಿಲ್ಲ. ಫ್ರಿಜ್ಜಿನಿಂದ ಆಗ ತೆಗೆದದ್ದನ್ನು ಬಿಟ್ಟು ಹೊರಗಿಟ್ಟ ತಾಜಾ ಮಜ್ಜಿಗೆ ಬಳಸಿದರೆ ಗಂಟಲಿಗೆ ಹಿತ.

ವಿಟಮಿನ್ ಡಿ ಮಳೆಗಾಲದ ಮಲೆನಾಡಿಗೆ ನಿಜವಾದ ಸಮಸ್ಯೆ. ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಬಿಸಿಲು ಬಂದ ದಿನ ಹತ್ತು ಗಂಟೆಯ ಮೇಲೆ ಕೈಕಾಲಿಗೆ ತಾಗುವಂತೆ ಹೊರಗೆ ಓಡಾಡಿ. ಮೀನು, ಮೊಟ್ಟೆಯ ಹಳದಿ ತಿನ್ನುವವರು ತಿನ್ನಿ. ಮನೆಯೊಳಗೇ ಇರುವ ವಯಸ್ಸಾದವರಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಕೊರತೆ ಕಂಡರೆ ವೈದ್ಯರು ಹೇಳಿದಷ್ಟೇ ಮಾತ್ರೆ ಕೊಡಿ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಹತೋಟಿಯಲ್ಲಿರುವುದೇ ದೊಡ್ಡ ರಕ್ಷಣೆ. ಅವರ ಕಷಾಯಕ್ಕೆ ಬೆಲ್ಲ ಬೇಡ.

ಕೈ, ಲೋಟ, ಎಲೆ ತಟ್ಟೆ

‘ಕೈಕಾಲು ತೊಳೆದು ಒಳಗೆ ಬಾ’ ಎನ್ನುವ ಮನೆಗಳಲ್ಲಿ ಬೆಳೆದವರು ನಾವು. ಅದಕ್ಕೆ ಸೋಪು ಸೇರಿಸಿ, ಬೆರಳ ಸಂದಿ, ಉಗುರಿನ ತುದಿ ಸೇರಿದಂತೆ 20 ಸೆಕೆಂಡು ಉಜ್ಜಿ. ಫ್ಲೂ ವೈರಸ್ಸಿನ ಮೇಲೆ ಕೊಬ್ಬಿನ ತೆಳು ಹೊದಿಕೆ ಇದೆ, ಸೋಪು ಅದನ್ನು ಕರಗಿಸುತ್ತದೆ. ರೈನೋವೈರಸ್ಸಿಗೆ ಆ ಹೊದಿಕೆ ಇಲ್ಲ, ಅದು ಉಜ್ಜಿ ತೊಳೆದರೆ ಮಾತ್ರ ಹೋಗುವುದು. ತೊಳೆಯದ ಕೈಯಲ್ಲಿ ಕಣ್ಣು, ಮೂಗು ಮುಟ್ಟಿಕೊಳ್ಳದಿರುವುದು ಇನ್ನೂ ಮುಖ್ಯ.

ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವ ಅಭ್ಯಾಸ ಮಕ್ಕಳಿಗೆ ಕಲಿಸಿ. ಇನ್ನು ಎಲೆ ಅಡಿಕೆ ತಟ್ಟೆ. ಮನೆಗೆ ಬಂದವರಿಗೆಲ್ಲ ಅದೇ ತಟ್ಟೆ, ಅದೇ ಸುಣ್ಣದ ಕರಡಿಗೆ, ಅದೇ ಅಡಕತ್ತರಿ. ಕವಳ ಮಡಚಿದ ಬೆರಳು ನೇರ ಬಾಯಿಗೆ. ಮನೆಯಲ್ಲಿ ಯಾರಿಗಾದರೂ ಶೀತ ಇರುವ ವಾರ ತಟ್ಟೆಯನ್ನು ಮುಂದಿಡದಿದ್ದರೆ ಉಪಚಾರಕ್ಕೇನೂ ಕುಂದಿಲ್ಲ, ಕಾರಣ ಹೇಳಿದರೆ ಎಲ್ಲರೂ ಒಪ್ಪುತ್ತಾರೆ. ಕೆಮ್ಮುವವರು ಮೊಣಕೈ ಮಡಚಿ ಅದರೊಳಗೆ ಕೆಮ್ಮಲಿ. ಕೂಸು, ಬಾಣಂತಿ, ಅಜ್ಜ ಅಜ್ಜಿ ಇರುವ ಕೋಣೆಗೆ ಹೋಗಲೇಬೇಕಾದರೆ ಮಾಸ್ಕ್ ಹಾಕಲಿ. ಜ್ವರ ಇದ್ದ ಮಗುವನ್ನು ಪರೀಕ್ಷೆ ಇದೆಯೆಂದು ಶಾಲೆಗೆ ಕಳಿಸಬೇಡಿ.

ಹೊರಗಿಂದ ಬಂದ ಮೇಲೆ ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ. 2005ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗವೊಂದರಲ್ಲಿ ದಿನವೂ ಬರೀ ನೀರಿನಿಂದ ಗಂಟಲು ಮುಕ್ಕಳಿಸಿದವರಲ್ಲಿ ಶೀತ ಕಡಿಮೆ ಕಂಡಿತ್ತು.

ಶೀತ ಬಂದೇ ಬಿಟ್ಟಾಗ

ಮೊದಲ ಎರಡು ದಿನ ವಿಶ್ರಾಂತಿ. ಇದನ್ನು ಯಾರೂ ಪಾಲಿಸುವುದಿಲ್ಲ, ಅದರಲ್ಲೂ ಅಡುಗೆಮನೆಯವರು. ಉಳಿದವರು ಆ ಎರಡು ದಿನ ಗಂಜಿ ಬೇಯಿಸಲು ಕಲಿಯಲಿ.

ಕಷಾಯದ ಪುಡಿ ಮನೆಯಲ್ಲೇ ಮಾಡಿಡಿ. ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಎರಡು ಚಮಚ ಕಾಳುಮೆಣಸು, ಒಂದು ಚಮಚ ಮೆಂತ್ಯ ಇಷ್ಟನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕರಕಾದರೆ ಇಡೀ ಪುಡಿ ಕಹಿ. ಹೆಬ್ಬೆರಳು ಗಾತ್ರದ ಒಣಶುಂಠಿ ಜಜ್ಜಿ, ನಾಲ್ಕು ಏಲಕ್ಕಿ ಸೇರಿಸಿ ಪುಡಿ ಮಾಡಿ, ಒಣ ಡಬ್ಬಿಯಲ್ಲಿ ಮುಚ್ಚಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಐದು ನಿಮಿಷ ಕುದಿಸಿ, ಬೆಲ್ಲ ಹಾಕಿ, ಸೋಸಿ. ಬೇಕಾದವರು ಹಾಲು ಸೇರಿಸಿಕೊಳ್ಳಿ. ಇದು ವೈರಸ್ಸನ್ನು ಕೊಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಮೂಗು ಸಡಿಲವಾಗುತ್ತದೆ, ಗಂಟಲಿನ ಉರಿ ಇಳಿಯುತ್ತದೆ, ಮೈಗೆ ನೀರು ಸೇರುತ್ತದೆ. ದಿನಕ್ಕೆ ಎರಡು ಲೋಟ ಸಾಕು. ಜಾಸ್ತಿ ಕಾರದ ಕಷಾಯ ಹೊಟ್ಟೆ ಉರಿಸುತ್ತದೆ, ಹುಣ್ಣು ಇರುವವರಿಗೆ ತೊಂದರೆ.

ರಾತ್ರಿ ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು. ಮಲಗುವ ಮುಂಚೆ ಮಕ್ಕಳಿಗೆ ಅರ್ಧದಿಂದ ಒಂದು ಚಿಕ್ಕ ಚಮಚ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ, ತುಡುವೆಯದಾದರೂ ಹೆಜ್ಜೇನಾದರೂ. ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಕೂಸಿನ ಸ್ನಾಯುಗಳು ಸೋತು ಉಸಿರಾಟಕ್ಕೇ ಕುತ್ತು ಬರಬಹುದು. ಇದನ್ನು ಬಾಣಂತಿ ಮನೆಗಳಲ್ಲಿ ಗಟ್ಟಿಯಾಗಿಯೇ ಹೇಳಬೇಕು.

ಗಂಟಲು ನೋವಿಗೆ ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಹಬೆ ತೆಗೆದುಕೊಳ್ಳುವವರು ಪಾತ್ರೆಯನ್ನು ಮೇಜಿನ ಮೇಲಿಟ್ಟು ಜೋಪಾನ ಮಾಡಿ. ಮಕ್ಕಳನ್ನು ಕಂಬಳಿಯೊಳಗೆ ಕುದಿಯುವ ಪಾತ್ರೆಯ ಮುಂದೆ ಕೂರಿಸುವುದು ಬೇಡವೇ ಬೇಡ. ಸುಟ್ಟ ಗಾಯ ಶೀತಕ್ಕಿಂತ ದೊಡ್ಡದು. ಬಿಸಿನೀರಿನ ಹಬೆ ತುಂಬಿದ ಬಚ್ಚಲಿನಲ್ಲಿ ಮಗುವನ್ನು ಎತ್ತಿಕೊಂಡು ಹತ್ತು ನಿಮಿಷ ಕೂತರೆ ಅಷ್ಟೇ ಹಿತ.

ಬೇರು, ಬಳ್ಳಿಗಳ ಬಗ್ಗೆ ಎಚ್ಚರವಿರಲಿ. ಕೋವಿಡ್ ಕಾಲದಲ್ಲಿ ತಿಂಗಳುಗಟ್ಟಲೆ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ವರದಿಯಾದವು. ಅದನ್ನೇ ಹೋಲುವ ಬೇರೆ ಬಳ್ಳಿಗಳೂ ಇವೆ. ಅತಿಮಧುರವನ್ನು ದಿನವೂ ಜಗಿದರೆ ರಕ್ತದೊತ್ತಡ ಏರುತ್ತದೆ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಅರಿಶಿನದ ಕ್ಯಾಪ್ಸೂಲ್‌ಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ಅಡುಗೆಯ ಪ್ರಮಾಣದ ಅರಿಶಿನಕ್ಕೆ ಈ ಭಯವಿಲ್ಲ. ಆಂಟಿಬಯಾಟಿಕ್ ಶೀತಕ್ಕೂ ಫ್ಲೂಗೂ ಕೆಲಸ ಮಾಡುವುದಿಲ್ಲ. ಹಿಂದಿನ ಸಲ ಉಳಿದ ಮಾತ್ರೆಯನ್ನು ಹುಡುಕಿ ಕೊಡಬೇಡಿ.

ಜ್ವರವೆಲ್ಲ ಫ್ಲೂ ಅಲ್ಲ

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಇದನ್ನು ಪ್ರತ್ಯೇಕವಾಗಿ ಹೇಳದೆ ಯಾವ ಆರೋಗ್ಯ ಲೇಖನವೂ ಪೂರ್ತಿಯಾಗದು. ಮಂಗನ ಕಾಯಿಲೆ ಮೊದಲು ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಉಣುಗಿನ ಕಡಿತದಿಂದ ಬರುವ ಈ ಜ್ವರ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ, ಅಂದರೆ ಫ್ಲೂವಿನ ಎರಡನೇ ಸುತ್ತಿನ ಹೊತ್ತಿಗೇ. ದರಗು (ಉದುರಿದ ಒಣ ಎಲೆ) ಗುಡಿಸಲು, ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದವರಿಗೆ ಹಠಾತ್ ಜ್ವರ, ವಿಪರೀತ ತಲೆನೋವು, ಸೊಂಟ ಮೈಕೈ ನೋವು, ಕೆಂಗಣ್ಣು ಬಂದರೆ ಕಷಾಯ ಕುಡಿದು ಕಾಯಬೇಡಿ. ಸುತ್ತಮುತ್ತ ಮಂಗ ಸತ್ತದ್ದು ಕಂಡಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆಗೆ ಇಳಿದವರಿಗೆ ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪಾದರೆ ಇಲಿ ಜ್ವರ ಇರಬಹುದು, ಅದಕ್ಕೆ ಬೇಗ ಔಷಧಿ ಸಿಕ್ಕರೆ ಗುಣ. ಡೆಂಗಿಯೂ ಅದೇ ಕಾಲದ್ದು. ಈ ಮೂರರಲ್ಲೂ ಮೂಗು ಸೋರುವುದು ಮುಖ್ಯ ಲಕ್ಷಣವಲ್ಲ. ಯಾವ ಜ್ವರವೆಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ, ಮಕ್ಕಳಿಗೆ ಆಸ್ಪಿರಿನ್ ಎಂದಿಗೂ ಬೇಡ.

ಮೂರು ದಿನ ದಾಟಿದ ಜ್ವರ, ಇಳಿದು ಮತ್ತೆ ಏರಿದ ಜ್ವರ, ಏದುಸಿರು, ಎದೆನೋವು, ಮಂಪರು, ಮೂತ್ರ ಕಡಿಮೆಯಾಗುವುದು, ಎಲ್ಲಿಂದಲಾದರೂ ರಕ್ತ ಬರುವುದು ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮಗು ನಿದ್ದೆಯಲ್ಲಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ನ್ಯುಮೋನಿಯಾ ಅನುಮಾನಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯದಿದ್ದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಹಳ್ಳ ತುಂಬಿ ದಾರಿ ಕಟ್ಟುವ ಊರುಗಳವರು ಮಳೆಗಾಲಕ್ಕೆ ಮೊದಲೇ ಬದಲಿ ದಾರಿ, ವಾಹನ ಇರುವವರ ನಂಬರ್ ಗೋಡೆಗೆ ಬರೆದಿಟ್ಟುಕೊಳ್ಳಿ. ವಯಸ್ಸಾದವರು, ಗರ್ಭಿಣಿಯರಿಗೆ ಫ್ಲೂ ಎಂಬ ಅನುಮಾನ ಬಂದರೆ ಮೊದಲ ದಿನವೇ ತೋರಿಸಿ. ಫ್ಲೂವಿಗೆ ಕೊಡುವ ವೈರಸ್ ನಿರೋಧಕ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯೋಗ.

ತಾಲ್ಲೂಕು ಆಸ್ಪತ್ರೆಗಾಗಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾಗಲಿ ಹೋದಾಗ ಜ್ವರ ಯಾವ ದಿನ ಶುರುವಾಯಿತು, ಕಾಡಿಗೋ ಗದ್ದೆಗೋ ಹೋಗಿದ್ದಿರಾ, ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ ಎಂದು ಕೇಳುವ ಮೊದಲೇ ಹೇಳಿ. ಮನೆಯಲ್ಲಿ ಕುಡಿದ ಕಷಾಯ, ಚೂರ್ಣದ ಹೆಸರನ್ನೂ ಮುಚ್ಚಿಡದೆ ಹೇಳಿ, ಡಬ್ಬಿಯಿದ್ದರೆ ಜೊತೆಗೇ ಒಯ್ಯಿರಿ.